ಕೂಲಾಸುಕಸ್: ದವಡೆಯ ತುಣುಕುಗಳಿಂದ ಗುರುತಿಸಲ್ಪಟ್ಟ ಉಭಯವಾಸಿ

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 2022ರ ಜನವರಿಯಲ್ಲಿ ತನ್ನ ರಾಜ್ಯ ಪಳೆಯುಳಿಕೆ ಲಾಂಛನವನ್ನು ಘೋಷಿಸಿತು. ಆ ಗೌರವಕ್ಕೆ ಪಾತ್ರವಾದುದು ಡೈನೋಸಾರ್ ಅಲ್ಲ. ಸುಮಾರು 12 ಕೋಟಿ ವರ್ಷಗಳ ಹಿಂದೆ ಜೀವಿಸಿದ್ದ ಕೂಲಾಸುಕಸ್ ಕ್ಲೀಲಾಂಡೈ ಎಂಬ ಉಭಯವಾಸಿ. ಇದರ ಪೂರ್ಣ ಅಸ್ಥಿಪಂಜರವು ದೊರೆತಿಲ್ಲ. ಕೆಳದವಡೆಗಳು ಹಾಗೂ ಕೆಲವು ಬಿಡಿ ಮೂಳೆಗಳೇ ಇದರ ಅಸ್ತಿತ್ವಕ್ಕೆ ಆಧಾರ.

ಪ್ರಾಣಿಯ ಸ್ವರೂಪ

ಅಗಲವಾದ ಚಪ್ಪಟೆ ತಲೆಯುಳ್ಳ ಈ ಪ್ರಾಣಿಯು 3 ರಿಂದ 5 ಮೀಟರ್ ಉದ್ದವಿದ್ದಿರಬಹುದೆಂದು ಅಂದಾಜಿಸಲಾಗಿದೆ. ಇದು ನದಿಗಳಲ್ಲಿ ವಾಸಿಸುತ್ತಿದ್ದ ಬೇಟೆಗಾರ ಪ್ರಾಣಿ. ಇದೇ ಕುಟುಂಬಕ್ಕೆ ಸೇರಿದ, ಆದರೆ ಇದಕ್ಕಿಂತ ಬಹಳ ಪುರಾತನವಾದ ಪ್ರಾಣಿಗಳ ಪಳೆಯುಳಿಕೆಗಳು ಭಾರತದಲ್ಲಿ ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿಯೂ ದೊರೆತಿವೆ. ಆ ಕಾಲದಲ್ಲಿ ಭಾರತ ಮತ್ತು ಆಸ್ಟ್ರೇಲಿಯ ಒಂದೇ ಮಹಾಭೂಖಂಡದ ಭಾಗಗಳಾಗಿದ್ದವು.

ತುಣುಕಿನ ಮಹತ್ವ

1970ರ ದಶಕದ ಕೊನೆಯಲ್ಲಿ ವಿಕ್ಟೋರಿಯದ ಕಡಲತೀರದ ಬಂಡೆಗಳಲ್ಲಿ ದವಡೆಯ ಒಂದು ತುಣುಕು ದೊರೆಯಿತು. ಈ ಗುಂಪಿನ ಉಭಯವಾಸಿಗಳು ಅದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಅಳಿದುಹೋಗಿದ್ದವೆಂದು ಭಾವಿಸಲಾಗಿದ್ದುದರಿಂದ, ತುಣುಕಿನ ಗುರುತು ಚರ್ಚೆಗೆ ಒಳಗಾಯಿತು. ಮುಂದೆ ಹೆಚ್ಚು ಪೂರ್ಣವಾದ ದವಡೆಗಳು ದೊರೆತ ಮೇಲೆ ಸಂದೇಹವು ನಿವಾರಣೆಯಾಯಿತು. 1997ರಲ್ಲಿ ಆನ್ ವಾರೆನ್, ಥಾಮಸ್ ರಿಚ್ ಮತ್ತು ಪೆಟ್ರೀಷಿಯ ವಿಕರ್ಸ್-ರಿಚ್ ಅವರು ಈ ಪ್ರಾಣಿಗೆ ಹೆಸರಿಟ್ಟರು. ಪಳೆಯುಳಿಕೆ ಶೋಧನೆಯಲ್ಲಿ ಶ್ರಮಿಸಿದ ಲೆಸ್ಲಿ ಕೂಲ್ ಮತ್ತು ಮೈಕ್ ಕ್ಲೀಲಾಂಡ್ ಅವರ ಹೆಸರುಗಳು ಅದರಲ್ಲಿ ಸೇರಿವೆ.

ಉಳಿದುಕೊಂಡ ಬಗೆ

ಆಗ ಈ ಪ್ರದೇಶವು ದಕ್ಷಿಣ ಧ್ರುವಕ್ಕೆ ಸಮೀಪದಲ್ಲಿದ್ದು, ಚಳಿಗಾಲವು ಕಠಿಣವಾಗಿತ್ತು. ಮೊಸಳೆಗಳು ಅಂತಹ ಚಳಿಯನ್ನು ತಾಳಲಾರವು. ಆದುದರಿಂದ, ಬೇರೆಡೆ ಮೊಸಳೆಗಳು ಆಕ್ರಮಿಸಿದ್ದ ನದಿಗಳ ಸ್ಥಾನವು ಇಲ್ಲಿ ಕೂಲಾಸುಕಸ್‌ಗೆ ಉಳಿದಿತ್ತೆಂಬುದು ವಿಜ್ಞಾನಿಗಳ ಅಭಿಪ್ರಾಯ. ಹವೆಯು ಬೆಚ್ಚಗಾದ ನಂತರ ಆ ಆಸರೆಯೂ ಇಲ್ಲವಾಗಿರಬೇಕು.

ಸಾರ್ವಜನಿಕರ ಗಮನಕ್ಕೆ

ಈ ದವಡೆಯ ತುಣುಕಿಗೆ ಬೆಲೆ ಬಂದುದು ಅದರ ಗಾತ್ರದಿಂದಲ್ಲ, ಅದು ದೊರೆತ ಶಿಲಾಪದರದ ವಯಸ್ಸಿನಿಂದ. ಅದೇ ತುಣುಕು ಸ್ಥಳದ ವಿವರವಿಲ್ಲದೆ ಯಾರದೋ ಮನೆ ಸೇರಿದ್ದರೆ, ಒಂದು ಪ್ರಾಣಿಸಮೂಹವು ಇಷ್ಟು ದೀರ್ಘಕಾಲ ಬದುಕಿತ್ತೆಂಬುದಕ್ಕೆ ಅದು ಸಾಕ್ಷ್ಯವಾಗುತ್ತಿರಲಿಲ್ಲ. ಆದುದರಿಂದ ಪಳೆಯುಳಿಕೆಯಂತೆ ತೋರುವ ವಸ್ತು ಕಂಡುಬಂದಲ್ಲಿ, ಎಷ್ಟೇ ಚಿಕ್ಕದಾಗಿದ್ದರೂ, ಅದನ್ನು ಕಿತ್ತು ತೆಗೆಯದೆ, ಛಾಯಾಚಿತ್ರ ಹಾಗೂ ಸ್ಥಳದ ವಿವರಗಳೊಂದಿಗೆ ಸಮೀಪದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕಚೇರಿಗೆ ತಿಳಿಸಲು ಕೋರಲಾಗಿದೆ.