ಸಿದ್ಧ ಉಡುಪು ತಯಾರಿಕೆಯಲ್ಲಿ ತ್ಯಾಜ್ಯದ ಲೆಕ್ಕ: ‘ಚರಕ’ದ ಅನುಭವದಿಂದ ಕಲಿಯಬೇಕಾದುದು

ಹುಬ್ಬಳ್ಳಿ-ಧಾರವಾಡ ಪ್ರದೇಶಕ್ಕೂ ಬಟ್ಟೆಗೂ ಇರುವ ನಂಟು ಹಳೆಯದು. ಹತ್ತಿ ವ್ಯಾಪಾರದಿಂದ ಬೆಳೆದ ಈ ಅವಳಿ ನಗರದಲ್ಲಿ ಜವಳಿ ಅಂಗಡಿಗಳೊಂದಿಗೆ ಸಣ್ಣ ಸಿದ್ಧ ಉಡುಪು ಘಟಕಗಳೂ ನಡೆದುಕೊಂಡು ಬಂದಿವೆ. ಪರಿಸರಸ್ನೇಹಿ ಉಡುಪುಗಳಿಗೆ ಗ್ರಾಹಕರು ಒಲವು ತೋರುತ್ತಿರುವ ಈ ದಿನಗಳಲ್ಲಿ, ತ್ಯಾಜ್ಯ ತಗ್ಗಿಸುವುದೆಂದರೆ ಹೆಚ್ಚುವರಿ ಖರ್ಚು ಎಂಬ ಭಾವನೆ ಅನೇಕ ಉದ್ಯಮಿಗಳಲ್ಲಿದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಪೂರ್ಣ ಸತ್ಯವಲ್ಲ. ಉಡುಪಿನ ಉದ್ಯಮದಲ್ಲಿ ಬಣ್ಣ, ಕತ್ತರಿ ಮತ್ತು ಮಾರಾಟ ಎಂಬ ಮೂರು ಹಂತಗಳಲ್ಲಿ ತ್ಯಾಜ್ಯ ಉಂಟಾಗುತ್ತದೆ. ಮೊದಲೆರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಮಾತ್ರ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ವೇಷದಲ್ಲಿ ಕುಳಿತಿರುತ್ತದೆ.

ಈ ಮೂರನ್ನೂ ಒಂದೇ ಕಡೆ ಅಭ್ಯಸಿಸಲು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ‘ಚರಕ’ ಉತ್ತಮ ನಿದರ್ಶನವಾಗಿದೆ.

ಬಣ್ಣದ ಹಂತ

ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಹೆಗ್ಗೋಡು ಸಮೀಪದ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ಚರಕವು ಗ್ರಾಮೀಣ ಮಹಿಳೆಯರ ಸಹಕಾರಿ ಸಂಘ. ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ ಎಲ್ಲವನ್ನೂ ಒಂದೇ ಆವರಣಕ್ಕೆ ತಂದ ಈ ಸಂಘದ ಉಡುಪುಗಳು ‘ದೇಸಿ’ ಹೆಸರಿನ ಮಳಿಗೆಗಳ ಮೂಲಕ ನಗರದ ಗ್ರಾಹಕರನ್ನು ತಲುಪಿದವು.

ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ಕೆಂಗಂದು ದ್ರವಕ್ಕೆ ಚೊಗರು ಎಂದು ಹೆಸರು. ಈ ಉಪ ಉತ್ಪನ್ನವನ್ನೇ ಚರಕವು ತನ್ನ ಮುಖ್ಯ ಬಣ್ಣಗಳಲ್ಲಿ ಒಂದಾಗಿಸಿಕೊಂಡಿತು. ದಾಳಿಂಬೆ ಸಿಪ್ಪೆಯಿಂದ ಹಳದಿ, ನೀಲಿಗಿಡದಿಂದ ನೀಲಿ, ತುಕ್ಕು ಹಿಡಿದ ಕಬ್ಬಿಣದಿಂದ ಕಪ್ಪು ಬಣ್ಣ ದೊರೆತವು. ಒಂದು ಉದ್ಯಮದ ಉಳಿಕೆ ಮತ್ತೊಂದರ ಕಚ್ಚಾ ಸಾಮಗ್ರಿಯಾಗುವುದು ಇಲ್ಲಿನ ವಿಶೇಷ.

ಆದರೆ ನೈಸರ್ಗಿಕ ಬಣ್ಣ ಬಿಟ್ಟಿಯಲ್ಲ. ನೀರು, ಉರುವಲು ಮತ್ತು ದುಡಿಮೆಯ ವೇಳೆ ಹೆಚ್ಚು ಬೇಕು. ಒಂದು ಹದದಿಂದ ಮತ್ತೊಂದು ಹದಕ್ಕೆ ಛಾಯೆ ಬದಲಾಗುವುದರಿಂದ ಏಕರೂಪದ ದೊಡ್ಡ ಬೇಡಿಕೆಗಳನ್ನು ಒಪ್ಪಿಕೊಳ್ಳುವುದೂ ಕಷ್ಟ. ಬೆಲೆ ನಿಗದಿಪಡಿಸುವಾಗ ಈ ಅಂಶಗಳನ್ನು ಮರೆಯುವಂತಿಲ್ಲ.

ಕತ್ತರಿಯ ಹಂತ

ಒಂದು ಉದಾಹರಣೆಯನ್ನು ಗಮನಿಸಬಹುದು. ಮೀಟರಿಗೆ ರೂ. 200ರಂತೆ 100 ಮೀಟರ್ ಬಟ್ಟೆ ಖರೀದಿಸಿದ ಘಟಕದಲ್ಲಿ 15 ಮೀಟರ್ ಚಿಂದಿಯಾಗಿ ಹೋದರೆ, ಉಳಿದ 85 ಮೀಟರಿನ ನಿಜವಾದ ದರ ಸುಮಾರು ರೂ. 235 ಆಗುತ್ತದೆ. ಚಿಂದಿಯನ್ನು 8 ಮೀಟರಿಗೆ ಇಳಿಸಿದರೆ ಅದೇ ದರ ರೂ. 217ಕ್ಕೆ ಬರುತ್ತದೆ. ಎರಡು ಮೀಟರ್ ಬೇಡುವ ಅಂಗಿಯೊಂದಕ್ಕೆ ಸುಮಾರು ರೂ. 36 ಉಳಿತಾಯ. ಇದು ಪರಿಸರ ಸೇವೆಯಷ್ಟೇ ಅಲ್ಲ, ಶುದ್ಧ ಲಾಭ.

ಈ ವಿವೇಕ ಉತ್ತರ ಕರ್ನಾಟಕಕ್ಕೆ ಹೊಸದೂ ಅಲ್ಲ. ಗುಳೇದಗುಡ್ಡದ ಖಣವು ರವಿಕೆಯ ಅಳತೆಗೆ ಹೊಂದುವ ಬಟ್ಟೆ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದು ಈ ಭಾಗದ ಮನೆಮನೆಯ ರೂಢಿಯಾಗಿತ್ತು. ಚರಕವೂ ಉಳಿಕೆ ತುಂಡುಗಳಿಂದ ಕೌದಿ, ಚೀಲಗಳನ್ನು ತಯಾರಿಸಿತು. ತುಂಡುಗಳನ್ನು ಬಣ್ಣ ಮತ್ತು ಗಾತ್ರಕ್ಕನುಗುಣವಾಗಿ ಆಯಾ ದಿನವೇ ವಿಂಗಡಿಸಿಟ್ಟರೆ ಮಾತ್ರ ಇದು ಸಾಧ್ಯ. ಗೋಣಿಚೀಲಕ್ಕೆ ತುಂಬಿದ ಚಿಂದಿಗೆ ಕಿಲೋ ಲೆಕ್ಕದ ಬೆಲೆಯಷ್ಟೇ ಸಿಗುತ್ತದೆ.

ಮಾರಾಟದ ಹಂತ

ಇಷ್ಟೆಲ್ಲ ಮಿತವ್ಯಯ ಸಾಧಿಸಿದ ಚರಕವು ಕೋವಿಡ್ ವರ್ಷವಾದ 2020ರಲ್ಲಿ, ಮಾರಾಟವಾಗದ ಬಟ್ಟೆಯ ಹೊರೆ ಮತ್ತು ಹಣದ ಅಭಾವದಿಂದ ತನ್ನನ್ನು ದಿವಾಳಿ ಎಂದು ಘೋಷಿಸಿಕೊಂಡಿತು. ಚಿಂದಿಯನ್ನೂ ಚೆಲ್ಲದ ಸಂಸ್ಥೆಯನ್ನು ಸಿದ್ಧ ದಾಸ್ತಾನು ಕಾಡಿತು ಎಂಬುದು ಪ್ರತಿಯೊಬ್ಬ ಉದ್ಯಮಿಯೂ ಮನಗಾಣಬೇಕಾದ ಸಂಗತಿ.

ಬೇಡಿಕೆಯ ಏರುಪೇರು ಹುಬ್ಬಳ್ಳಿಗೂ ಅಪರಿಚಿತವಲ್ಲ. 1957ರಲ್ಲಿ ಸ್ಥಾಪನೆಗೊಂಡ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜ ತಯಾರಿಕೆಗೆ ದೇಶದಾದ್ಯಂತ ಹೆಸರಾಗಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರ ನಿರ್ಮಿತ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆತಾಗ, ಖಾದಿ ಧ್ವಜಕ್ಕೆ ಅಗ್ಗದ ಪ್ರತಿಸ್ಪರ್ಧಿ ಎದುರಾಯಿತು. ತಯಾರಕನ ಕೈಯಲ್ಲಿಲ್ಲದ ಕಾರಣಗಳಿಂದಲೂ ಮಾರುಕಟ್ಟೆ ಕುಸಿಯಬಹುದು.

ದಾಸ್ತಾನಿನ ಪೆಟ್ಟು ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ತಲಾ ರೂ. 600 ವೆಚ್ಚದ 100 ಅಂಗಿಗಳನ್ನು ರೂ. 750ರಂತೆ ಮಾರಿದರೆ ರೂ. 15,000 ಲಾಭ. ಆದರೆ 80 ಮಾತ್ರ ಮಾರಾಟವಾದರೆ ಬಂದ ಹಣ ರೂ. 60,000, ಆದ ವೆಚ್ಚವೂ ರೂ. 60,000. ಸಂಪೂರ್ಣ ಲಾಭ ಕಪಾಟಿನಲ್ಲಿರುವ 20 ಅಂಗಿಗಳಲ್ಲಿ ಸಿಲುಕಿದೆ. ಸಾಲದ ಮೇಲಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಲೆಕ್ಕಪತ್ರ ಮಾನಕ-2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕು. ಅಸಹಜ ತ್ಯಾಜ್ಯವನ್ನು ದಾಸ್ತಾನಿನ ವೆಚ್ಚದಲ್ಲಿ ಸೇರಿಸುವಂತಿಲ್ಲ. ಹಳೆಯ ಮಾಲನ್ನು ಪೂರ್ಣ ಬೆಲೆಗೆ ಬರೆದಿಟ್ಟುಕೊಳ್ಳುವವರು ಬ್ಯಾಂಕಿಗಿಂತ ಮೊದಲು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ.

ಸಣ್ಣ ಘಟಕಗಳು ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಪ್ರತಿ ಕತ್ತರಿಯ ಬಳಿಕ ಚಿಂದಿಯನ್ನು ತೂಗಿ ದಾಖಲಿಸಬೇಕು. ಅಳೆಯದ ತ್ಯಾಜ್ಯ ತಗ್ಗುವುದಿಲ್ಲ. ಎರಡನೆಯದಾಗಿ, ಬಣ್ಣ ಹಾಕದ ಬಟ್ಟೆಯನ್ನೇ ಹೆಚ್ಚಾಗಿ ಸಂಗ್ರಹಿಸಿಟ್ಟು, ಬೇಡಿಕೆ ಬಂದಂತೆ ಬಣ್ಣ ಮತ್ತು ಹೊಲಿಗೆ ಮಾಡಬೇಕು. ಬಿಳಿ ಬಟ್ಟೆಗೆ ಹತ್ತು ದಾರಿಗಳಿವೆ, ಹೊಲಿದ ಅಂಗಿಗೆ ಒಂದೇ. ಮೂರನೆಯದಾಗಿ, 90 ದಿನ ಮೀರಿದ ಸಿದ್ಧ ಉಡುಪುಗಳ ಪಟ್ಟಿಯನ್ನು ಪ್ರತಿ ತಿಂಗಳೂ ತಯಾರಿಸಿ, ರಿಯಾಯಿತಿಯ ನಿರ್ಧಾರವನ್ನು ಹಬ್ಬದ ಮೊದಲೇ ಕೈಗೊಳ್ಳಬೇಕು.

ಖರೀದಿಸುವ ವರ್ತಕರ ಹೊಣೆಯೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ತಯಾರಕರಿಗೆ ಪಾವತಿಸಲು ಕರಾರಿನಲ್ಲಿ ನೀಡಬಹುದಾದ ಗರಿಷ್ಠ ಅವಧಿ 45 ದಿನಗಳು. ಸಕಾಲದಲ್ಲಿ ಕೈಸೇರಿದ ಹಣದಿಂದ ತಯಾರಕನು ಸಣ್ಣ ಪ್ರಮಾಣದಲ್ಲಿ ಪದೇ ಪದೇ ಉತ್ಪಾದಿಸಬಲ್ಲನು. ಹಣ ತಡವಾದಷ್ಟೂ ದುಡಿಯುವ ಬಂಡವಾಳ ಕಟ್ಟಿಬಿದ್ದು, ಮುಂದಿನ ಕಚ್ಚಾ ಮಾಲಿಗೂ ಸಾಲ ಮಾಡಬೇಕಾಗುತ್ತದೆ.

ಅವಳಿ ನಗರದ ಉಡುಪು ಘಟಕಗಳು ಚರಕದಿಂದ ಚೊಗರಿನ ಮಿತವ್ಯಯವನ್ನು ಕಲಿಯುವುದು ಉಚಿತ. ಅದರೊಂದಿಗೆ ಕಪಾಟಿನ ಲೆಕ್ಕವನ್ನೂ ಕಲಿತಾಗಲೇ ತ್ಯಾಜ್ಯರಹಿತ ಉತ್ಪಾದನೆಯು ಬಾಳುವ ಉದ್ಯಮವಾದೀತು.