ಐವತ್ತು ಮೀಟರಿನ ಈಜು: ಬೆರಳಗಲದ ಅಂತರ

ಅಮರಕೋಶವು ನೀರಿಗೆ ಹೇಳುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ನೀರಿಲ್ಲದೆ ಬಾಳಿಲ್ಲವೆಂಬುದು ಎಷ್ಟು ಸತ್ಯವೋ, ನೀರಿನ ಮರ್ಮವನ್ನರಿಯದವನಿಗೆ ಅದೇ ಜೀವನವು ಮೃತ್ಯುವಾಗಿ ಪರಿಣಮಿಸುವುದೆಂಬುದೂ ಅಷ್ಟೇ ಸತ್ಯ. ಆದುದರಿಂದಲೇ ನಮ್ಮ ಪೂರ್ವಿಕರು ಈಜನ್ನು ವಿನೋದವೆಂದಷ್ಟೇ ಎಣಿಸದೆ ವಿದ್ಯೆಯೆಂದು ಮನ್ನಿಸಿದರು. ಹಳಗನ್ನಡದ ‘ಈಸು’ ಎಂಬ ಧಾತುವೇ ಹೊಸಗನ್ನಡದಲ್ಲಿ ‘ಈಜು’ ಎಂದಾಗಿದೆ. ಮಹಾಕಾವ್ಯಕ್ಕೆ ಹೇಳಿರುವ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಗೆ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಜಲಕ್ರೀಡೆಯ ಪ್ರಸ್ತಾಪವುಂಟು.

ಶರಾವತಿಯ ಹಿನ್ನೀರಿನ ತೀರದಲ್ಲಿ ಬಾಳುವವರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡ ಮೇಲೆ ಕರೂರು, ಬಾರಂಗಿ ಹೋಬಳಿಗಳ ಜನರು ನೀರಿನಾಚೆಯ ನಿವಾಸಿಗಳಾದರು. ಹೊಳೆಬಾಗಿಲಿನ ಲಾಂಚೇ ಅವರಿಗೆ ಹೊರಲೋಕದ ದಾರಿಯಾಯಿತು. ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಣ ಸೇತುವೆಯು 2025ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆಯುವವರೆಗೆ ಎರಡು ತಲೆಮಾರುಗಳ ಜನ ನೀರನ್ನು ದಾಟಿಯೇ ಸಂತೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗಿಬಂದರು. ಇಂಥ ನಾಡಿನವರಿಗೆ ಈಜು ಎಂದರೆ ದಡ ಸೇರುವುದು. ಎಷ್ಟು ಹೊತ್ತಿಗೆ ಸೇರಿದರೆಂಬುದು ಮುಖ್ಯವಲ್ಲ, ಸೇರಿದುದೇ ಮುಖ್ಯ. ಆದರೆ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ನಡೆಯುವ ಐವತ್ತು ಮೀಟರಿನ ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ದಡ ಸೇರುವುದರಲ್ಲಿ ಯಾರಿಗೂ ಸಂದೇಹವಿಲ್ಲ. ಯಾವ ಕ್ಷಣದಲ್ಲಿ ಸೇರಿದರೆಂಬುದೊಂದೇ ಅಲ್ಲಿಯ ಪ್ರಶ್ನೆ. ಆ ಕ್ಷಣವು ಎಷ್ಟು ಸೂಕ್ಷ್ಮವಾದುದೆಂಬುದನ್ನು 2018ರ ಏಷ್ಯನ್ ಕ್ರೀಡಾಕೂಟದ ಒಂದು ನಿದರ್ಶನದಿಂದ ತಿಳಿಯಬಹುದು.

ಆ ವರ್ಷದ ಆಗಸ್ಟ್ 21ರಂದು ಜಕಾರ್ತಾ ನಗರದಲ್ಲಿ ಪುರುಷರ ಐವತ್ತು ಮೀಟರ್ ಫ್ರೀಸ್ಟೈಲ್ ಸ್ಪರ್ಧೆ ನಡೆಯಿತು. ಭಾರತದ ಪರವಾಗಿ ಇಳಿದವರಲ್ಲಿ ವೀರಧವಳ ಖಾಡೆ ಒಬ್ಬರು. ನಮ್ಮ ಗಡಿಗೆ ಹೊಂದಿದ ಕೊಲ್ಲಾಪುರ ಇವರ ಊರು. ಈಜಿನಲ್ಲಿ ಉನ್ನತ ಶಿಕ್ಷಣವನ್ನು ಅರಸಿ ಇವರು ಬಂದುದು ಬೆಂಗಳೂರಿಗೆ. ಅಲ್ಲಿ ತರಬೇತುದಾರ ನಿಹಾರ್ ಅಮೀನ್ ಅವರ ಮಾರ್ಗದರ್ಶನದಲ್ಲಿ ಪಳಗಿದರು. ಹದಿನಾರನೆಯ ವಯಸ್ಸಿನಲ್ಲಿಯೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಇವರು, 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐವತ್ತು ಮೀಟರ್ ಬಟರ್‌ಫ್ಲೈ ವಿಭಾಗದಲ್ಲಿ ಕಂಚಿನ ಪದಕವನ್ನು ಗಳಿಸಿದರು. 1986ರ ಸೋಲ್ ಕೂಟದಲ್ಲಿ ಖಜಾನ್ ಸಿಂಗ್ ಬೆಳ್ಳಿಯನ್ನು ಗೆದ್ದ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಏಷ್ಯನ್ ಕೂಟದ ಈಜಿನಲ್ಲಿ ಭಾರತಕ್ಕೆ ಸಂದ ಪದಕವದು. ತರುವಾಯ ಖಾಡೆಯವರು ಮಹಾರಾಷ್ಟ್ರ ಸರ್ಕಾರದ ತಹಶೀಲ್ದಾರ ಹುದ್ದೆಯನ್ನು ವಹಿಸಿಕೊಂಡು ಕೆಲವು ವರ್ಷ ಸ್ಪರ್ಧಾಕಣದಿಂದ ದೂರವಾಗಿದ್ದು, ಮರಳಿ ಅಭ್ಯಾಸಕ್ಕೆ ತೊಡಗಿ ಜಕಾರ್ತಾಕ್ಕೆ ಬಂದಿದ್ದರು.

ಬೆಳಗಿನ ಪ್ರಾಥಮಿಕ ಸುತ್ತಿನಲ್ಲಿ ಅವರು 22.43 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದರು. ಸಂಜೆಯ ಅಂತಿಮ ಸುತ್ತಿನಲ್ಲಿ ಚೀನಾದ ಯು ಹೆಶಿನ್ 22.11 ಸೆಕೆಂಡುಗಳಲ್ಲಿ ಮೊದಲಿಗರಾದರು. ಜಪಾನಿನ ಕಟ್ಸುಮಿ ನಕಮುರಾ 22.20 ಸೆಕೆಂಡುಗಳಲ್ಲಿ ಎರಡನೆಯವರಾದರು. ಜಪಾನಿನವರೇ ಆದ ಶುನಿಚಿ ನಕಾವೊ 22.46 ಸೆಕೆಂಡುಗಳಲ್ಲಿ ಕಂಚನ್ನು ಪಡೆದರು. ಖಾಡೆಯವರ ಕಾಲ 22.47. ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಪದಕ ತಪ್ಪಿತು. ಬೆಳಗಿನ ವೇಗವೇ ಸಂಜೆಯಲ್ಲಿಯೂ ಉಳಿದಿದ್ದರೆ ಕಂಚು ಅವರದಾಗುತ್ತಿತ್ತು ಎಂಬುದನ್ನು ಅಂಕಿಗಳೇ ಹೇಳುತ್ತವೆ.

ಸೆಕೆಂಡಿನ ನೂರನೆಯ ಒಂದು ಪಾಲೆಂದರೆ ಎಷ್ಟು? ಐವತ್ತು ಮೀಟರನ್ನು 22.47ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.2 ಮೀಟರುಗಳ ವೇಗ ಬರುತ್ತದೆ. ಆ ವೇಗದಲ್ಲಿ ನೂರನೆಯ ಒಂದು ಪಾಲು ಸೆಕೆಂಡಿಗೆ ಸಾಗುವ ದೂರ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಅಂದರೆ ಒಂದು ಬೆರಳಿನ ಅಗಲ. ಐದು ಸಾವಿರ ಸೆಂಟಿಮೀಟರುಗಳ ಹಾದಿಯಲ್ಲಿ ಬೆರಳಗಲದ ಅಂತರವು ಪದಕವಂತನನ್ನೂ ಪದಕರಹಿತನನ್ನೂ ಬೇರ್ಪಡಿಸಿತು. ಮನುಷ್ಯನ ಕಣ್ಣು ಇದನ್ನು ನಿರ್ಣಯಿಸಲಾರದು. ಆದುದರಿಂದ ಕೊಳದ ಗೋಡೆಗೆ ಸ್ಪರ್ಶಫಲಕವನ್ನು ಅಳವಡಿಸಿರುತ್ತಾರೆ. ಈಜುಗಾರನ ಕೈ ಅದನ್ನು ಒತ್ತಿದೊಡನೆ ವಿದ್ಯುತ್ ಗಡಿಯಾರವು ನಿಲ್ಲುತ್ತದೆ.

ಗಡಿಯಾರವು ಇನ್ನೂ ಸೂಕ್ಷ್ಮವಾಗಿ ಅಳೆಯಬಲ್ಲುದಾದರೆ ಸಾವಿರನೆಯ ಪಾಲನ್ನೇಕೆ ಲೆಕ್ಕಿಸಬಾರದು ಎಂಬ ಪ್ರಶ್ನೆ ಏಳಬಹುದು. ಒಮ್ಮೆ ಹಾಗೆಯೂ ಲೆಕ್ಕಿಸಿದ್ದುಂಟು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ನಾನೂರು ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀ ಅವರನ್ನು ಸೆಕೆಂಡಿನ ಸಾವಿರನೆಯ ಎರಡು ಪಾಲಿನಿಂದ ಸೋಲಿಸಿದರೆಂದು ತೀರ್ಪಾಯಿತು. ಆದರೆ ಕೊಳವನ್ನು ಕಟ್ಟುವಾಗ ಒಂದು ಸಾಲಿಗೂ ಮತ್ತೊಂದು ಸಾಲಿಗೂ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಬರುವುದು ಅನಿವಾರ್ಯ. ಗಾರೆಯವನ ಕೈತಪ್ಪಿಗೆ ಈಜುಗಾರನಿಗೆ ದಂಡನೆಯಾಗಬಾರದೆಂದು ಆಮೇಲೆ ನೂರನೆಯ ಪಾಲಿಗೇ ನಿಲ್ಲಿಸಿದರು. ಅಲ್ಲಿಗೂ ಸಮವಾದರೆ ಇಬ್ಬರಿಗೂ ಸಮಾನ ಗೌರವ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದೇ ಐವತ್ತು ಮೀಟರಿನ ಸ್ಪರ್ಧೆಯಲ್ಲಿ ಅಮೆರಿಕದ ಗ್ಯಾರಿ ಹಾಲ್ ಮತ್ತು ಆಂಥೊನಿ ಎರ್ವಿನ್ 21.98 ಸೆಕೆಂಡುಗಳಲ್ಲಿ ಸಮಸಮವಾಗಿ ಮುಟ್ಟಿದುದರಿಂದ ಇಬ್ಬರಿಗೂ ಚಿನ್ನ ದೊರೆಯಿತು.

ಇನ್ನು ಸ್ಪರ್ಧೆಯ ಸ್ವರೂಪವನ್ನು ನೋಡೋಣ. ‘ಫ್ರೀಸ್ಟೈಲ್’ ಎಂದರೆ ಈಜುಗಾರನು ತನಗಿಷ್ಟ ಬಂದ ರೀತಿಯಲ್ಲಿ ಈಜಬಹುದೆಂದು ಅರ್ಥ. ಆದರೂ ಎಲ್ಲರೂ ಆರಿಸಿಕೊಳ್ಳುವುದು ಬೋರಲಾಗಿ ಮಲಗಿ ಎರಡು ಕೈಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಚಾಚಿ ಎಳೆಯುವ ‘ಕ್ರಾಲ್’ ಕ್ರಮವನ್ನೇ. ಅದಕ್ಕಿಂತ ವೇಗದ ಕ್ರಮ ಬೇರಿಲ್ಲ. ಕೊಳದ ಉದ್ದವೇ ಐವತ್ತು ಮೀಟರು. ಆದುದರಿಂದ ತಿರುವಿಲ್ಲ, ಮರುಯತ್ನವಿಲ್ಲ. ಪ್ರಾಥಮಿಕ ಸುತ್ತಿನಲ್ಲಿ ಹೆಚ್ಚು ವೇಗವನ್ನು ತೋರಿದವರಿಗೆ ಕೊಳದ ನಡುವಣ ಸಾಲುಗಳು ದೊರೆಯುತ್ತವೆ. ಸಾಲುಗಳ ನಡುವೆ ತೇಲುವ ಹಗ್ಗಗಳು ಗಡಿಯನ್ನು ಗುರುತಿಸುವುದಲ್ಲದೆ, ಒಬ್ಬನೆಬ್ಬಿಸಿದ ಅಲೆಯು ಮತ್ತೊಬ್ಬನನ್ನು ತಡೆಯದಂತೆ ಅದನ್ನು ಮುರಿಯುತ್ತವೆ.

ಸ್ಪರ್ಧೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯದು ಧುಮುಕು. ಸಂಜ್ಞೆಗೆ ಮುನ್ನ ಹಾರಿದವನು ಅನರ್ಹನಾಗುತ್ತಾನೆ. ತಡೆದು ಹಾರಿದವನು ಹಿಂದುಳಿಯುತ್ತಾನೆ. ನೀರನ್ನು ಹೊಕ್ಕವನು ಹದಿನೈದು ಮೀಟರುಗಳವರೆಗೆ ಮುಳುಗಿಯೇ ಸಾಗಬಹುದು. ಅಷ್ಟರೊಳಗೆ ಅವನ ತಲೆ ಮೇಲೆ ಕಾಣಿಸಿಕೊಳ್ಳಬೇಕೆಂಬುದು ನಿಯಮ. ಎರಡನೆಯದು ಈಜು. ಮೂರನೆಯದು ಮುಟ್ಟು. ಕೊನೆಯ ಎಳೆತವು ಗೋಡೆಯ ಬಳಿ ಸರಿಯಾಗಿ ಮುಗಿಯುವಂತೆ ಈಜುಗಾರನು ಮೊದಲೇ ಎಣಿಸಿಕೊಂಡಿರಬೇಕು. ಎಣಿಕೆ ತಪ್ಪಿ ಅರ್ಧ ಎಳೆತ ಉಳಿದರೆ, ಕೈಯನ್ನು ಚಾಚಿ ತೇಲುತ್ತ ಗೋಡೆಗಾಗಿ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಬೆರಳಗಲವಲ್ಲ, ಮೊಳದಗಲವೇ ಕಳೆದುಹೋಗುತ್ತದೆ.

ವೇಗವನ್ನು ಹೆಚ್ಚಿಸುವುದಕ್ಕೆ ತೋಳ್ಬಲವೊಂದೇ ಸಾಲದೆ ಎಂದು ಕೇಳಬಹುದು. ಸಾಲದು. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದುದು. ವೇಗವು ಇಮ್ಮಡಿಸಿದರೆ ನೀರಿನ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಎಂಟುಮಡಿಯಾಗುತ್ತದೆ. ವೇಗವನ್ನು ನೂರಕ್ಕೆ ಐದರಷ್ಟು ಹೆಚ್ಚಿಸಬೇಕಾದರೂ ನೂರಕ್ಕೆ ಹದಿನಾರರಷ್ಟು ಹೆಚ್ಚಿನ ಶಕ್ತಿ ವ್ಯಯವಾಗಬೇಕು. ಹೀಗಾಗಿ ನೀರನ್ನು ಬಡಿಯುವವನಿಗಿಂತ ನೀರಿಗೆ ದಾರಿಗೊಟ್ಟು ಮೈಯನ್ನು ದೋಣಿಯಂತೆ ನೀಳವಾಗಿಸಿಕೊಂಡವನೇ ಮುಂದೆ ಹೋಗುತ್ತಾನೆ. ತಲೆಯೆತ್ತಿದರೆ ಕಾಲು ಮುಳುಗುತ್ತದೆ. ಕಾಲು ಮುಳುಗಿದರೆ ತಡೆ ಹೆಚ್ಚುತ್ತದೆ. ಈ ಕಾರಣದಿಂದ ಐವತ್ತು ಮೀಟರಿನ ನುರಿತ ಸ್ಪರ್ಧಿಗಳು ಒಂದೆರಡು ಸಲ ಮಾತ್ರ ಉಸಿರೆಳೆದುಕೊಳ್ಳುತ್ತಾರೆ. ಕೆಲವರು ಉಸಿರಾಡದೆಯೇ ಮುಗಿಸುತ್ತಾರೆ. ರನ್ನನ ಗದಾಯುದ್ಧದ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರಲು ಮಂತ್ರದ ಬೆಂಬಲವಿತ್ತು. ಇವರಿಗೆ ಇರುವುದು ವರ್ಷಗಟ್ಟಲೆಯ ಅಭ್ಯಾಸವೊಂದೇ.

ಭಾರತಕ್ಕೆ ವೇಗದ ಈಜಿನಲ್ಲಿ ಕೀರ್ತಿಯೇ ಇಲ್ಲವೆಂದಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಬಂಗಾಳದ ಸಚಿನ್ ನಾಗ್ ಚಿನ್ನದ ಪದಕವನ್ನು ಗೆದ್ದರು. ಅವರ ಕಾಲ 1 ನಿಮಿಷ 4.7 ಸೆಕೆಂಡು. ಒಲಿಂಪಿಕ್ಸ್‌ನಲ್ಲಿ ಐವತ್ತು ಮೀಟರಿನ ಸ್ಪರ್ಧೆ ಸೇರ್ಪಡೆಯಾದುದು 1988ರ ಸೋಲ್ ಕೂಟದಲ್ಲಿ; ಅಮೆರಿಕದ ಮ್ಯಾಟ್ ಬಿಯೊಂಡಿ ಅದನ್ನು 22.14 ಸೆಕೆಂಡುಗಳಲ್ಲಿ ಗೆದ್ದರು. ಮಹಿಳೆಯರಲ್ಲಿ ಬೆಂಗಳೂರಿನ ನಿಶಾ ಮಿಲ್ಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿಯೂ, ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿಯೂ ಭಾರತವನ್ನು ಪ್ರತಿನಿಧಿಸಿದರು. ಬೆಂಗಳೂರಿನವರೇ ಆದ ಶ್ರೀಹರಿ ನಟರಾಜ್ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಈಜಿದರು. ಕೊಲ್ಲಾಪುರದ ಬಾಲಕನೊಬ್ಬ ಬೆಂಗಳೂರನ್ನು ಅರಸಿ ಬಂದುದಕ್ಕೂ, ಈ ಹೆಸರುಗಳೆಲ್ಲ ಅದೇ ನಗರದಲ್ಲಿ ಕೂಡಿರುವುದಕ್ಕೂ ಕಾರಣ ಸ್ಪಷ್ಟವಾಗಿದೆ: ಅಲ್ಲಿ ಅಳತೆಯ ಕೊಳಗಳಿವೆ, ಕಲಿಸುವ ಗುರುಗಳಿದ್ದಾರೆ.

ಮಲೆನಾಡಿನಲ್ಲಿ ನೀರಿಗೆ ಬರವಿಲ್ಲ. ಆದರೆ ಹಿನ್ನೀರು ಈಜುಗೊಳವಾಗಲಾರದು. ಮುಳುಗಿದ ಕಾಡಿನ ಕೊರಡುಗಳು, ಕಾಲನ್ನು ಹಿಡಿಯುವ ಕೆಸರು, ಹೆಜ್ಜೆಯಲ್ಲಿಯೇ ಆಳವಾಗುವ ತಳ, ಇವು ಈಜು ಬಲ್ಲವನನ್ನೂ ಮೋಸಗೊಳಿಸುತ್ತವೆ. ಹೊಳೆಯನ್ನು ದಾಟಬಲ್ಲ ತೋಳಿನ ಕಸುವು ಈ ಪ್ರದೇಶದ ಹುಡುಗರಲ್ಲಿದೆ. ಆ ಕಸುವಿಗೆ ಕ್ರಮವನ್ನು ಕಲಿಸುವ ಗುರು, ಅಪಾಯವಿಲ್ಲದ ಒಂದು ಕೊಳ, ಕಾಲವನ್ನಳೆಯುವ ಒಂದು ಗಡಿಯಾರ ಬೇಕು. ಪ್ರಾಣರಕ್ಷಣೆಗೆ ಬೇಕಾದ ಮೊದಲ ಪಾಠವೂ, ಪದಕಕ್ಕೆ ಬೇಕಾದ ಕಡೆಯ ಪಾಠವೂ ಒಂದೇ ಕೊಳದಲ್ಲಿ ಆರಂಭವಾಗುತ್ತವೆ. ವಿದ್ಯಾಸಂಸ್ಥೆಗಳಿಗೆ ಗ್ರಂಥಾಲಯವನ್ನೂ ಪ್ರಯೋಗಶಾಲೆಯನ್ನೂ ಕಟ್ಟಿಸಿಕೊಟ್ಟ ಉದಾರಿಗಳ ಲಕ್ಷ್ಯವು ಈ ಕಡೆಗೂ ಹರಿಯುವುದು ಯೋಗ್ಯವಾಗಿದೆ.

ಖಾಡೆಯವರು 2023ರಲ್ಲಿ ಸ್ಪರ್ಧಾಜೀವನದಿಂದ ನಿವೃತ್ತರಾದರು. ಜಕಾರ್ತಾದ ಆ ಸಂಜೆ ಅವರ ಕೊರಳಿಗೆ ಪದಕ ಬೀಳಲಿಲ್ಲ. ಆದರೂ, ವರ್ಷಗಳ ಕಾಲ ಅಭ್ಯಾಸ ತಪ್ಪಿದ್ದ ಒಬ್ಬ ಅಧಿಕಾರಿಯು ಮರಳಿ ನೀರಿಗಿಳಿದು ಏಷ್ಯಾಖಂಡದ ಅತಿವೇಗಿಗಳಿಗೆ ಬೆರಳಗಲದಷ್ಟು ಸಮೀಪಕ್ಕೆ ಬಂದುದು ಅಲ್ಪ ಸಾಧನೆಯಲ್ಲ. ಅಭ್ಯಾಸವು ಎಡೆಬಿಡದೆ ನಡೆದಲ್ಲಿ ಆ ಬೆರಳಗಲವನ್ನು ತುಂಬುವ ಬಾಲಕನು ಯಾವ ಹೊಳೆಯ ದಡದಿಂದಲಾದರೂ ಬರಬಹುದು.