ಎಸ್ಟೆಸ್ ಪಾರ್ಕ್: ಟೆಂಟ್ ಹಾಕೋದೆಲ್ಲಿ?

ಅಮೆರಿಕದ ಕೊಲರಾಡೊದಲ್ಲಿ, ರಾಕಿ ಪರ್ವತಗಳ ನಡುವಿನ ಪುಟ್ಟ ಊರು ಎಸ್ಟೆಸ್ ಪಾರ್ಕ್. ಊರೇ ಸುಮಾರು 7,500 ಅಡಿ ಎತ್ತರದಲ್ಲಿದೆ. ಪಕ್ಕದ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡ್‌ಗಳು ಇನ್ನೂ ಮೇಲೆ. ಮೊರೇನ್ ಪಾರ್ಕ್ 8,000 ಅಡಿ ದಾಟಿದರೆ, ಲಾಂಗ್ಸ್ ಪೀಕ್ 9,000 ದಾಟುತ್ತದೆ. ಬಯಲುಸೀಮೆಯಿಂದ ನೇರ ಬಂದವರಿಗೆ ತಲೆನೋವು, ನಿದ್ದೆಗೇಡು ಕಾಡುವುದುಂಟು. ಮೊದಲ ರಾತ್ರಿ ಊರಲ್ಲೇ ಉಳಿಯುವುದು ಜಾಣತನ.

ಲಾಂಗ್ಸ್ ಪೀಕ್‌ನಲ್ಲಿ ಟೆಂಟಿಗಷ್ಟೇ ಜಾಗ.

ಗುಡ್ಡದಾಚೆ, ಗ್ರ್ಯಾಂಡ್ ಲೇಕ್ ಕಡೆಯ ಟಿಂಬರ್ ಕ್ರೀಕ್‌ನಲ್ಲಿ ನೆರಳೇ ಇಲ್ಲ! ತೊಗಟೆ ಕೊರೆಯುವ ಹುಳು ಪೈನ್ ಮರಗಳನ್ನು ಕೊಂದಿತು, ಒಣಗಿದ್ದನ್ನೆಲ್ಲ ಕಡಿಯಬೇಕಾಯಿತು. ಮಧ್ಯಾಹ್ನದ ಬಿಸಿಲು ಆಗದವರು ಇತ್ತ ಬರದಿರುವುದೇ ಲೇಸು.

ಸ್ನಾನ? ಉದ್ಯಾನದ ಯಾವ ಕ್ಯಾಂಪ್‌ಗ್ರೌಂಡ್‌ನಲ್ಲೂ ಶವರ್ ಇಲ್ಲ. ಕರಡಿಗಳು ಮಾತ್ರ ಇವೆ. ಬಿಸ್ಕತ್ತಷ್ಟೇ ಅಲ್ಲ, ಟೂತ್‌ಪೇಸ್ಟನ್ನೂ ಟೆಂಟಿನೊಳಗೆ ಇಡುವಂತಿಲ್ಲ. ಬೇಸಿಗೆಯ ಬುಕಿಂಗ್ 6 ತಿಂಗಳು ಮೊದಲೇ ಶುರು.